ಔಟರ್ ರಿಂಗ್ ರೋಡಲ್ಲಿ ಸೈಕಲ್: ಬಸ್ಸು ಎಡಕ್ಕೆ ಬಂದಾಗ ಏನು ಮಾಡಬೇಕು?

ಹೊಸ ಸವಾರ:
ಮಾರತ್ತಹಳ್ಳಿಯಿಂದ ಬೆಳ್ಳಂದೂರಿಗೆ ಆಫೀಸಿಗೆ ಸೈಕಲ್‌ನಲ್ಲಿ ಹೋಗೋಣ ಅಂತಿದ್ದೀನಿ. 26 ಇಂಚಿನ ಗೇರ್ ಸೈಕಲ್, ರಿಮ್ ಬ್ರೇಕ್. ಸ್ಟಾಪ್ ಬಂದಾಗ ಬಸ್ಸು ಎಡಕ್ಕೆ ಒತ್ತಿಕೊಂಡು ಬರುತ್ತಲ್ಲ, ಆಗ ಎಲ್ಲಿರಬೇಕು? ರಸ್ತೆ ಅಂಚಿಗೇ ಅಂಟಿಕೊಂಡು ಹೋಗೋದು ಸೇಫಾ? ವಾಪಸ್ ಬರುವಾಗ ಕತ್ತಲು, ಮಳೆನೂ ಇರಬಹುದು.

ಚೈನ್ ಎಣ್ಣೆ:
ಅಂಚಿಗೆ ಅಂಟಿಕೊಳ್ಳಬೇಡಿ. ಜಲ್ಲಿ, ಮರಳು, ಗಾಜಿನ ಚೂರು ಎಲ್ಲಾ ಬಂದು ಸೇರೋದು ಅಲ್ಲೇ. ಮೋರಿ ಜಾಲರಿಯ ಸೀಳು ನೀವು ಹೋಗೋ ದಿಕ್ಕಿಗೇ ಇದ್ದರಂತೂ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತೆ. ಅಂಚಿಂದ ಸುಮಾರು ಒಂದು ಮೀಟರ್ ಒಳಗೆ, ನೇರವಾಗಿ ಹೋಗಿ. ಆಗ ಗುಂಡಿ ಬಂದರೆ ಎಡಕ್ಕೆ ಸರಿಯೋಕೆ ಜಾಗ ಇರುತ್ತೆ. ಅಂಚಲ್ಲೇ ಇದ್ದರೆ ಬಲಕ್ಕೇ ತಿರುಗಿಸಬೇಕು, ಹಿಂದೆ ಬರೋ ಬೈಕಿನವರಿಗೆ ಅದು ಮೊದಲೇ ಗೊತ್ತಾಗಲ್ಲ. ನಿಂತಿರೋ ಕಾರಿನಿಂದ ಹ್ಯಾಂಡಲ್ ತುದಿ ಒಂದು ಮೀಟರಿಗಿಂತ ದೂರ ಇರಲಿ. ಬಾಗಿಲು ತೆಗೆದರೆ ಅಷ್ಟು ಹೊರಗೆ ಬರುತ್ತೆ.

ಇನ್ನು ಬಸ್ಸು. ಬಸ್ಸಿಗೂ ಫುಟ್‌ಪಾತಿಗೂ ಮಧ್ಯೆ ಎಷ್ಟೇ ಜಾಗ ಕಂಡರೂ ದಯವಿಟ್ಟು ನುಗ್ಗಬೇಡಿ, ಇಂಡಿಕೇಟರ್ ಹಾಕಿರಲಿ ಬಿಡಲಿ. ಡ್ರೈವರ್ ಕೂತಿರೋದು ಬಲಗಡೆ. ಎಡಬದಿಗೆ ಹತ್ತಿರ ಇರೋ ಸೈಕಲ್ ಕನ್ನಡಿಯಲ್ಲಿ ಕಾಣದೇ ಹೋಗಬಹುದು. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗಿಂದ ಬರುತ್ತೆ, ಪಕ್ಕದಲ್ಲಿದ್ದವರು ಅದರಡಿ ಸಿಕ್ಕಿಬೀಳೋದು ಹಾಗೆ. ಹಿಂದೆಯೇ ನಿಲ್ಲಿ, ಬಸ್ಸಿನ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣೋ ಹಾಗೆ. ಬಸ್ಸು ಪೂರ್ತಿ ನಿಂತ ಮೇಲೆ ದಾಟೋದಾದರೆ ಬಲಗಡೆಯಿಂದ ಮಾತ್ರ: ಭುಜದ ಮೇಲಿಂದ ಹಿಂದೆ ನೋಡಿ, ಬಲಗೈ ಚಾಚಿ, ದಾರಿ ಬಿಟ್ಟರೆ ಹೋಗಿ. ಹಿಂದೆ ತಿರುಗಿ ನೋಡಿದಾಗ ಸೈಕಲ್ ತಾನಾಗೇ ಬಲಕ್ಕೆ ವಾಲುತ್ತೆ. ಮೈದಾನದಲ್ಲಿ ಒಂದು ಗೆರೆ ಎಳೆದು, ಗೆರೆ ಬಿಡದೆ ಹಿಂದೆ ನೋಡೋದನ್ನ ರೂಢಿ ಮಾಡಿಕೊಂಡೇ ಈ ರಸ್ತೆಗೆ ಇಳಿಯಿರಿ.

ಎರಡು ಗಾಲಿ:
ಮೇಲಿನದಕ್ಕೆ ಸೇರಿಸ್ತೀನಿ. ರಿಮ್ ಒದ್ದೆಯಾದಾಗ ಬ್ರೇಕ್ ಹಿಡಿದರೆ ಪ್ಯಾಡ್ ಮೊದಲು ನೀರನ್ನಷ್ಟೇ ಒರೆಸುತ್ತೆ, ಹಿಡಿತ ಸಿಗೋದು ಆಮೇಲೆ. ಅದಕ್ಕೇ ಮಳೆಯಲ್ಲಿ ತುಂಬಾ ಮುಂಚೆಯೇ ಮೆತ್ತಗೆ ಹಿಡಿಯೋಕೆ ಶುರು ಮಾಡಿ. ಬಹಳ ದಿನ ಒಣಗಿದ ರಸ್ತೆಗೆ ಬೀಳೋ ಮೊದಲ ಮಳೆ ಇನ್ನೂ ಜಾರು, ಎಣ್ಣೆ ಮೇಲೆದ್ದಿರುತ್ತೆ. ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೋ ಕೆಲಸದ ಕಬ್ಬಿಣದ ತಗಡು, ಇವುಗಳ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ಲಿವರ್ ಗ್ರಿಪ್‌ಗೆ ತಾಗಿದರೆ ಕೇಬಲ್ ಬಿಗಿ ಮಾಡಿಸಿ. ಪ್ಯಾಡಿನ ಗೀರು ಸವೆದು ನುಣ್ಣಗಾಗಿದ್ದರೆ ಹೊಸದು ಹಾಕಿಸಿ.

ಹಿಂದಿನ ಕೆಂಪು ಲೈಟನ್ನ ಸೀಟ್ ಕಂಬಕ್ಕೆ ಹಾಕಿದರೆ ಕ್ಯಾರಿಯರ್ ಮೇಲಿನ ಬ್ಯಾಗ್ ಮುಚ್ಚಿಬಿಡುತ್ತೆ. ಬ್ಯಾಗ್ ಇಡೋರು ಕ್ಯಾರಿಯರ್ ತುದಿಗೇ ಹಾಕಿ, ಹತ್ತು ಹೆಜ್ಜೆ ಹಿಂದೆ ನಿಂತು ಕಾಣುತ್ತಾ ನೋಡಿ. ಮುಂದಿನ ಬಿಳಿ ಲೈಟು ಸ್ವಲ್ಪ ಕೆಳಗೆ ಬಾಗಿರಲಿ, ಎದುರಿನವರ ಕಣ್ಣಿಗೆ ಹೊಡೀಬಾರದು. ಮಿಂಚೋ ಪಟ್ಟಿ ಇದ್ದರೆ ಕಾಲಿನ ಗಿಣ್ಣಿಗೆ ಕಟ್ಟಿ: ಪೆಡಲ್ ತುಳಿದಂತೆ ಮೇಲೆ ಕೆಳಗೆ ಆಡೋದರಿಂದ, ಹೋಗ್ತಿರೋದು ಸೈಕಲ್ ಅಂತ ದೂರದಿಂದಲೇ ತಿಳಿಯುತ್ತೆ.

ಹೆಲ್ಮೆಟ್ ಹುಬ್ಬಿಗಿಂತ ಎರಡು ಬೆರಳು ಮೇಲೆ, ಮಟ್ಟವಾಗಿ.

ಹೊಸ ಸವಾರ:
ಥ್ಯಾಂಕ್ಸ್ ಇಬ್ಬರಿಗೂ. ಸರ್ವಿಸ್ ರೋಡಲ್ಲಿ ಹೋದರೆ ಈ ಬಸ್ಸಿನ ಕಾಟ ತಪ್ಪುತ್ತಲ್ವಾ?

ಚೈನ್ ಎಣ್ಣೆ:
ಬಸ್ಸು ಕಮ್ಮಿ, ಬೇರೆ ತೊಂದರೆ ಜಾಸ್ತಿ. ಬೈಕುಗಳು ಎದುರಿಂದ ರಾಂಗ್ ಸೈಡಲ್ಲಿ ಬರ್ತವೆ, ಟೆಕ್ ಪಾರ್ಕ್ ಗೇಟಿಂದ ಕಾರು ನುಗ್ಗುತ್ತೆ, ಬಣ್ಣ ಹೊಡೆಯದ ಹಂಪು ರಾತ್ರಿ ಕಾಣಲ್ಲ. ಆದರೂ ಹೊಸಬರಿಗೆ ನಾನು ಸರ್ವಿಸ್ ರೋಡನ್ನೇ ಹೇಳ್ತೀನಿ, ನಿಧಾನ ಹೋದರೆ ಸಾಕು. ರಾಂಗ್ ಸೈಡ್ ಬೈಕ್ ಬಂದರೆ ಗಾಬರಿಯಲ್ಲಿ ಬಲಕ್ಕೆ ಎಳೀಬೇಡಿ, ವೇಗ ಇಳಿಸಿ ನಿಮ್ಮ ಜಾಗದಲ್ಲೇ ನಿಲ್ಲಿ. ಫುಟ್‌ಪಾತ್ ಹತ್ತಲೇಬೇಕಾದರೆ ಇಳಿದು ತಳ್ಳಿಕೊಂಡು ಹೋಗಿ. ಪಾರ್ಕಿನಂಥ ಕಡೆ ನಡೆಯೋರ ಜೊತೆ ದಾರಿ ಹಂಚಿಕೊಳ್ಳುವಾಗ ಹತ್ತು ಮೀಟರ್ ದೂರದಿಂದಲೇ ಒಂದು ಸಲ ಬೆಲ್ ಮಾಡಿ. ಬೆನ್ನ ಹತ್ತಿರ ಬಂದು ಹೊಡೆದರೆ ಬೆಚ್ಚಿ ನಿಮ್ಮ ದಾರಿಗೇ ಅಡ್ಡ ಬರ್ತಾರೆ. ಕಿವಿಯಲ್ಲಿ ಇಯರ್‌ಫೋನ್ ಇರೋರಿಗೆ ಬೆಲ್ ಕೇಳಲ್ಲ, ನಡಿಗೆ ವೇಗಕ್ಕೆ ಇಳಿದೇ ದಾಟಿ.