50 ಮೀಟರಿಗೆ ಸ್ಪ್ರಿಂಗ್ ಏರ್ ರೈಫಲ್: ಯಾವ ಛರ್ರಾ (ಪೆಲೆಟ್) ಹಾಕಬೇಕು?

ಪ್ರಶ್ನೆ (ಪಿಂಪ್ರಿ, ಪುಣೆ):
ನನ್ನದು .177 ಇಂಚಿನ (4.5 ಮಿ.ಮೀ.), ಬ್ಯಾರಲ್ ಮಡಚಿ ಪೆಲೆಟ್ ಹಾಕುವ ಬ್ರೇಕ್ ಬ್ಯಾರಲ್ ಸ್ಪ್ರಿಂಗ್ ರೈಫಲ್, ಶಕ್ತಿ ಸುಮಾರು 16 ಜೌಲ್. 10 ಮೀಟರಿನಲ್ಲಿ ಚಪ್ಪಟೆ ಮೂತಿಯ ಛರ್ರಾ ಒಂದರ ಮೇಲೊಂದು ಬೀಳುತ್ತವೆ. ಸಾಸವಡ್ ಕಡೆ ಹೊಲದಲ್ಲಿ, ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ ಜಾಗದಲ್ಲಿ, 50 ಮೀಟರಿನಿಂದ ಹೊಡೆದರೆ ಅವೇ ಛರ್ರಾ ಒಂದಡಿ ಅಗಲಕ್ಕೆ ಚೆದುರುತ್ತವೆ. ಅಂಗಡಿಯವರು ಚೂಪು ಮೂತಿಯ ಹಗುರ ಪೆಲೆಟ್ ತೋರಿಸಿ ‘ದೂರಕ್ಕೆ ಇದೇ’ ಅಂದರು. ತಗೊಳ್ಳಲೇ?

ಉತ್ತರ (ಏರ್‌ಗನ್ ರಿಪೇರಿ ಮತ್ತು ಟ್ಯೂನಿಂಗ್):
ಬೇಡ. ಚೂಪು ಮೂತಿ ನೋಡಲು ಬಾಣದ ಹಾಗಿದ್ದರೂ ಆ ತುದಿ ಪೆಲೆಟ್‌ನ ನಡುಗೆರೆಯ ಮೇಲೆ ಸರಿಯಾಗಿ ಕೂತಿರುವುದು ಅಪರೂಪ. ಡಬ್ಬಿಯೊಳಗೆ ಕುಲುಕಾಡಿ ತುದಿ ಮೊಂಡಾಗಿಯೂ ಇರುತ್ತದೆ. ಚಪ್ಪಟೆ ಮೂತಿಯದು 10 ಮೀಟರ್ ಸ್ಪರ್ಧೆಗೆಂದೇ ಮಾಡಿದ್ದು: ಕಾಗದದಲ್ಲಿ ದುಂಡನೆಯ ತೂತು ಬೀಳುತ್ತದೆ, ಅಂಕ ಎಣಿಸಲು ಸುಲಭ. ಆದರೆ ಅದಕ್ಕೆ ಗಾಳಿಯ ತಡೆ ಹೆಚ್ಚು. ಬೇಗ ವೇಗ ಕಳೆದುಕೊಂಡು 30 ಮೀಟರ್ ದಾಟಿದ ಮೇಲೆ ಓಲಾಡತೊಡಗುತ್ತದೆ.

ದೂರಕ್ಕೆ ಗುಂಡು ತಲೆಯ ಡೋಮ್ ಪೆಲೆಟ್ ಬೇಕು. ನಿಮ್ಮ ಶಕ್ತಿಗೆ 7.9ರಿಂದ 8.7 ಗ್ರೇನ್ ತೂಕ ಹೊಂದುತ್ತದೆ. ಜೆಎಸ್‌ಬಿ ಎಕ್ಸಾಕ್ಟ್ 8.44 ಗ್ರೇನ್, ಅಂದರೆ 0.547 ಗ್ರಾಂ. ಎಚ್ ಅಂಡ್ ಎನ್ ಫೀಲ್ಡ್ ಟಾರ್ಗೆಟ್ ಟ್ರೋಫಿ 8.64 ಗ್ರೇನ್. ಸ್ವಲ್ಪ ಹಗುರದ್ದು ಬೇಕಾದರೆ ಜೆಎಸ್‌ಬಿ ಎಕ್ಸ್‌ಪ್ರೆಸ್, 7.87. ಈ ಮೂರರ ಒಂದೊಂದು ಡಬ್ಬಿಯಿಂದ ಶುರು ಮಾಡಿ. 16 ಜೌಲ್‌ನಲ್ಲಿ 8.44 ಗ್ರೇನ್ ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಷ್ಟು ಸಾಕು.

ಹಗುರ ಅಲಾಯ್ (ಮಿಶ್ರಲೋಹದ) ಪೆಲೆಟ್ ಡಬ್ಬಿಯ ಮೇಲೆ ಬರೆದಿರುವ ವೇಗಕ್ಕೆ ಮರುಳಾಗಬೇಡಿ. ಹಗುರದ್ದು ಬೇಗನೆ ಜಾರಿ ಮುಂದೆ ಹೋದರೆ, ಸ್ಪ್ರಿಂಗ್ ತಳ್ಳುವ ಪಿಸ್ಟನ್ ಮುಂದೆ ಗಾಳಿಯ ಮೆತ್ತೆ ಉಳಿಯುವುದಿಲ್ಲ. ಪಿಸ್ಟನ್ ಹೋಗಿ ಸಿಲಿಂಡರ್ ತುದಿಗೆ ಬಡಿಯುತ್ತದೆ, ಸೀಲ್ ಮತ್ತು ಸ್ಪ್ರಿಂಗ್ ಎರಡೂ ಬೇಗ ಹಾಳು. 10.34 ಗ್ರೇನ್‌ನಂಥ ಭಾರದ್ದು ಹಾಕಿದರೆ ಉಲ್ಟಾ ತೊಂದರೆ: ಒತ್ತಡ ಏರಿ ಪಿಸ್ಟನ್ ಹಿಂದಕ್ಕೆ ಪುಟಿಯುತ್ತದೆ, ಪೆಲೆಟ್ ಬ್ಯಾರಲ್‌ನಲ್ಲಿ ಹೆಚ್ಚು ಹೊತ್ತು ಇರುತ್ತದೆ, ಹಿಡಿತದ ಸಣ್ಣ ತಪ್ಪೂ ಗುರಿಯಲ್ಲಿ ಕಾಣುತ್ತದೆ.

ಪ್ರಶ್ನೆ (ಅದೇ ಸದಸ್ಯರು):
ಡಬ್ಬಿಗಳ ಮೇಲೆ 4.50, 4.51, 4.52 ಅಂತ ಇದೆ. ಇಷ್ಟು ಸಣ್ಣ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ:
ಬಹಳ ಬರುತ್ತದೆ. ಅದು ತಲೆಯ ವ್ಯಾಸ, ಮಿಲಿಮೀಟರಿನಲ್ಲಿ. ತಲೆ ಬ್ಯಾರಲ್‌ನ ಒಳಗಿನ ಸುರುಳಿ ಗೆರೆಗಳನ್ನು ಹಗುರಾಗಿ ಮುಟ್ಟುತ್ತ ಸಾಗಬೇಕು, ಸ್ಕರ್ಟ್, ಅಂದರೆ ಹಿಂದಿನ ತೆಳು ಟೊಳ್ಳು ಭಾಗ, ಗಾಳಿಯನ್ನು ತಡೆಯಬೇಕು. ಬ್ಯಾರಲ್ ಮಡಚಿ ಪೆಲೆಟ್ ಇಟ್ಟಾಗ ತಾನೇ ಒಳಗೆ ಜಾರಿದರೆ ಸಡಿಲ. ಉಗುರಿನಿಂದ ಒತ್ತಿ ತುರುಕಬೇಕಾದರೆ ಬಿಗಿ, ಸ್ಕರ್ಟ್ ಸೊಟ್ಟಗಾಗುತ್ತದೆ. ಹೆಬ್ಬೆರಳಿನ ಒಂದೇ ಮೆದು ಒತ್ತಿಗೆ ಅಂಚಿಗೆ ಸಮನಾಗಿ ಕೂತರೆ ಅದೇ ಅಳತೆ. ಒಂದೇ ಮಾಡೆಲ್‌ನ ಎರಡು ರೈಫಲ್‌ಗಳಿಗೂ ಬೇರೆ ಬೇರೆ ಅಳತೆ ಹಿಡಿಸಬಹುದು, ಆದ್ದರಿಂದ ಗೆಳೆಯರ ಡಬ್ಬಿ ನೋಡಿ ಕೊಳ್ಳಬೇಡಿ.

ಪರೀಕ್ಷೆ ಹೀಗೆ ಮಾಡಿ. ಮೊದಲು ಬ್ಯಾರಲ್‌ಗೆ ಒಣ ಬಟ್ಟೆ ಎಳೆಯಿರಿ. ಹೊಸ ಪೆಲೆಟ್‌ನಲ್ಲಿ 20 ಹೊಡೆತ ಸುಮ್ಮನೆ ಹಾಕಿ, ಏಕೆಂದರೆ ಹಳೆಯ ಸೀಸದ ಪದರ ಹೋಗಿ ಹೊಸದು ಕೂರುವವರೆಗೆ ಗ್ರೂಪ್ (ಕಾಗದದ ಮೇಲೆ ತೂತುಗಳ ಗುಂಪು) ನಂಬುವಂತಿಲ್ಲ. ಆಮೇಲೆ 25 ಮೀಟರಿಗೆ ಐದೈದರ ಐದು ಗ್ರೂಪ್, ಅದರಲ್ಲಿ ಪಾಸಾದದ್ದಕ್ಕೆ ಮಾತ್ರ 50 ಮೀಟರಿಗೆ ಮತ್ತೆ ಐದು. 25ರಲ್ಲಿ ಚೆನ್ನಾಗಿದ್ದದ್ದು 50ರಲ್ಲಿ ಸುರುಳಿ ಸುತ್ತಿ ಚೆದುರುವುದುಂಟು, ಆದ್ದರಿಂದ ಕೊನೆಯ ಮಾತು 50 ಮೀಟರಿನ ಕಾಗದದ್ದು. ಮೂರೇ ಮೂರು ಹೊಡೆತದ ಅದೃಷ್ಟದ ಗ್ರೂಪ್ ನೋಡಿ ಐದು ಡಬ್ಬಿ ಕೊಳ್ಳುವ ತಪ್ಪು ಮಾಡಬೇಡಿ.

ಹೊಡೆಯುವಾಗ ಮುಂದಿನ ಕೈಯಲ್ಲಿ ಬಿಗಿ ಹಿಡಿಯದೆ ಅಂಗೈ ಮೇಲೆ ರೈಫಲ್ ಸುಮ್ಮನೆ ಮಲಗಲಿ. ಪ್ರತಿ ಸಲ ಅಂಗೈ ಅದೇ ಜಾಗದಲ್ಲಿರಲಿ. ಗಟ್ಟಿ ಬೆಂಚಿನ ಮೇಲೆ ನೇರ ಇಟ್ಟರೆ ಸ್ಪ್ರಿಂಗ್ ರೈಫಲ್ ಕುಪ್ಪಳಿಸುತ್ತದೆ. ಆಮೇಲೆ ಬೈಗುಳ ಪಾಪ ಪೆಲೆಟ್‌ಗೆ.

ಪ್ರಶ್ನೆ (ಠಾಣೆ, ಮುಂಬೈ ಕಡೆ):
ತೂಕ ನೋಡಿ ಬೇರ್ಪಡಿಸಬೇಕೇ? ಮಳೆಗಾಲದಲ್ಲಿ ನನ್ನ ಪೆಲೆಟ್ ಮೇಲೆ ಬಿಳಿ ಪುಡಿಯೂ ಬಂದಿದೆ.

ಉತ್ತರ:
ಮೊದಲು ಸ್ಕರ್ಟ್ ನೋಡಿ, ತೂಕ ಆಮೇಲೆ. ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ನೆಗ್ಗಿದ್ದು ಕುಂಟುತ್ತದೆ, ಅದನ್ನು 10 ಮೀಟರ್ ಅಭ್ಯಾಸಕ್ಕೆ ಎತ್ತಿಡಿ. ತೂಗುವುದಾದರೆ 0.001 ಗ್ರಾಂ ತೋರಿಸುವ ತಕ್ಕಡಿ ಬೇಕು. 0.01 ಗ್ರಾಂನದು ಸಾಲದು, ಅದರ ಒಂದು ಅಂಕಿಯೇ 0.15 ಗ್ರೇನ್ ಆಗುತ್ತದೆ. ಒಳ್ಳೆಯ ಡಬ್ಬಿಯಲ್ಲಿ ತೂಕದ ವ್ಯತ್ಯಾಸಕ್ಕಿಂತ ಗಾಳಿಯ ಕಾಟವೇ ದೊಡ್ಡದು.

ಬಿಳಿ ಪುಡಿ ತೇವಕ್ಕೆ ಸೀಸ ಕೆಟ್ಟಿರುವ ಗುರುತು. ಅದು ವಿಷ. ಉಸಿರಿಗೆ ಎಳೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಬ್ಯಾರಲ್‌ಗಂತೂ ಹಾಕಲೇಬೇಡಿ, ಹಾಗೇ ಕಟ್ಟಿ ಬೇರೆ ಇಡಿ. ಚೆನ್ನಾಗಿರುವುದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಕೆಡುವುದಿಲ್ಲ. ಪೆಲೆಟ್‌ಗೆ ಎಣ್ಣೆ ಸುರಿಯಬೇಡಿ. ಅದು ಕಂಪ್ರೆಶನ್ ಚೇಂಬರ್‌ಗೆ ಸೇರಿದರೆ ಡೀಸೆಲಿಂಗ್: ಹೊಗೆ, ಪಟಾಕಿಯಂಥ ಸದ್ದು, ಒಮ್ಮೊಮ್ಮೆ ಒಂದೊಂದು ವೇಗ. ಯಾವ ಪೆಲೆಟ್ ಮುಟ್ಟಿದರೂ ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಪ್ರಶ್ನೆ (ಪಿಂಪ್ರಿ):
ಸ್ಕೋಪ್ 30 ಮೀಟರಿಗೆ ಝೀರೋ ಮಾಡಿದ್ದೇನೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ್ದೇನೆ. 50ರಲ್ಲಿ ಎಷ್ಟು ಕೆಳಗೆ ಬೀಳುತ್ತದೆ?

ಉತ್ತರ:
8.44 ಗ್ರೇನ್ ಡೋಮ್, 240 ಮೀಟರ್ ವೇಗ, ಬ್ಯಾರಲ್‌ನಿಂದ ಸ್ಕೋಪ್ 4.5 ಸೆಂ.ಮೀ. ಎತ್ತರ ಅಂತಿಟ್ಟುಕೊಂಡರೆ ಸುಮಾರು 9 ಸೆಂ.ಮೀ. ಕೆಳಗೆ. ಗಂಟೆಗೆ 10 ಕಿ.ಮೀ. ಅಡ್ಡಗಾಳಿ ಇದ್ದರೆ ಏಳೆಂಟು ಸೆಂ.ಮೀ. ಪಕ್ಕಕ್ಕೂ ಸರಿಯುತ್ತದೆ. ಸಾಸವಡ್ ಬಯಲಿನಲ್ಲಿ ಮಧ್ಯಾಹ್ನದ ಗಾಳಿಗೆ ಯಾವ ಪೆಲೆಟ್ಟೂ ಒಳ್ಳೆಯದಾಗಿ ಕಾಣುವುದಿಲ್ಲ, ಬೆಳಗ್ಗೆ ಬೇಗ ಪರೀಕ್ಷಿಸಿ. ಸ್ಕೋಪ್ ಸ್ಪ್ರಿಂಗ್ ರೈಫಲ್‌ಗೆ ಮಾಡಿದ್ದೇ ಆಗಿರಲಿ, ಹಿಂದೆ ಅದು ಜಾರದಂತೆ ತಡೆಯುವ ಸ್ಟಾಪ್ ಪಿನ್ ಇರಲಿ. ಈ ರೈಫಲ್ ಹಿಂದಕ್ಕೂ ಮುಂದಕ್ಕೂ ಎರಡೂ ಕಡೆ ಒದೆಯುತ್ತದೆ, ಮಾಮೂಲಿ ಸ್ಕೋಪಿನ ಒಳಗಿನ ಗಾಜು ಸಡಿಲವಾಗುತ್ತದೆ. ಗ್ರೂಪ್ ದಿನದಿಂದ ದಿನಕ್ಕೆ ಜಾಗ ಬದಲಿಸುತ್ತಿದ್ದರೆ ಪೆಲೆಟ್ ಬದಲಿಸುವ ಮೊದಲು ಮೌಂಟ್ (ಸ್ಕೋಪ್ ಹಿಡಿದಿಡುವ ಪಟ್ಟಿ) ಮತ್ತು ಸ್ಟಾಕ್ (ರೈಫಲ್‌ನ ಹಿಡಿ) ಸ್ಕ್ರೂ ಬಿಗಿ ನೋಡಿ.

ಗುರಿ ಕಾಗದ ಅಥವಾ ಲೋಹದ ತಟ್ಟೆ ಮಾತ್ರ. ಹಕ್ಕಿಗಳ ಮೇಲೆ ಹೊಡೆಯುವವರಿಗೆ ಈ ಗುಂಪಿನಲ್ಲಿ ಸಲಹೆ ಇಲ್ಲ. ಆ ಮಣ್ಣಿನ ದಿಬ್ಬ ಇಲ್ಲದ ಕಡೆ 50 ಮೀಟರ್ ಪ್ರಯತ್ನ ಮಾಡಬೇಡಿ, ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ.