ಅಮ್ಮ ಒಬ್ಬರೇ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ನಿಜವಾಗಿ ಎಷ್ಟು ಗಂಟೆ?

ಹಾಸನದವನು:
ತಂಗಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ಹೋಸೆಯಲ್ಲಿದ್ದಾಳೆ, ಜುಲೈನಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಹೊರಟಿದ್ದಾರೆ. ವಿಮಾನ ಹತ್ತೋದು ಇದೇ ಮೊದಲು, ಜೊತೆಗೆ ಯಾರೂ ಇಲ್ಲ. ವಯಸ್ಸು 64, ಶುಗರ್ ಇದೆ, ಮಂಡಿ ನೋವು. ಟಿಕೆಟ್ ಪ್ರಕಾರ ಮಂಗಳವಾರ ಬೆಳಗಿನ ಜಾವ 3ಕ್ಕೆ ಬೆಂಗಳೂರು ಬಿಟ್ಟು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ, ಅದೇ ಮಂಗಳವಾರ ಮಧ್ಯಾಹ್ನ 3ಕ್ಕೆ ಇಳಿಯುತ್ತಾರೆ. "12 ಗಂಟೆ ತಾನೆ, ಧರ್ಮಸ್ಥಳಕ್ಕೆ ಹೋಗಿ ದರ್ಶನ ಮಾಡಿ ಬಂದಷ್ಟು" ಅಂತಾರೆ ಅಮ್ಮ. ನನಗೆ ನಂಬಿಕೆ ಬರ್ತಿಲ್ಲ. ದುಬೈ ಮೇಲೆ ಹೋದರೆ ಬೇಗ ಆಗುತ್ತಾ?

ಬೇ ಏರಿಯಾ ಕನ್ನಡಿಗ:
12 ಅಲ್ಲ, ಇಪ್ಪತ್ತನಾಲ್ಕೂವರೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ನೇರ ದೂರ ಸುಮಾರು 14,000 ಕಿ.ಮೀ., ದುಬೈ ಮೇಲೆ 15,700, ಫ್ರಾಂಕ್‌ಫರ್ಟ್ ಮೇಲೆ 16,500.

ತಿಪಟೂರು ಟೀಚರ್:
ದಯವಿಟ್ಟು ಟಿಕೆಟ್ ಬದಲಿಸಬೇಡಿ. ಮಗಳ ಬಾಣಂತನಕ್ಕೆ ನಾನೂ ಇದೇ ದಾರಿಯಲ್ಲಿ ಒಬ್ಬಳೇ ಹೋಗಿದ್ದೆ. ದುಬೈ ದಾರಿ ಕಿಲೋಮೀಟರಿನಲ್ಲಿ ಕಡಿಮೆ, ಆದರೆ 4 ಗಂಟೆ ಕೂತು ಇಳಿದ ಮೇಲೆ ಒಂದೇ ಉಸಿರಿಗೆ ಸುಮಾರು 16 ಗಂಟೆ ಕೂರಬೇಕು. ಮಂಡಿ ಹಿಡಿದುಕೊಳ್ಳುತ್ತೆ, ಪಾದ ಊದುತ್ತೆ. ಫ್ರಾಂಕ್‌ಫರ್ಟ್ ಆದರೆ ಹತ್ತು ಗಂಟೆ, ಆಮೇಲೆ ಹನ್ನೊಂದೂವರೆ. ನಡುವೆ ಕಾಲು ಚಾಚಿ ಓಡಾಡಬಹುದು.

ಶಾಲೆಯಲ್ಲಿ ಮಕ್ಕಳಿಗೆ ಗ್ಲೋಬ್ ಮೇಲೆ ದಾರ ಹಿಡಿದು ತೋರಿಸುತ್ತಿದ್ದೆ. ಈ ಎರಡು ಊರಿನ ನಡುವೆ ದಾರ ಬಿಗಿದರೆ ಅದು ಯುರೋಪಿಗೆ ಹೋಗೋದೇ ಇಲ್ಲ, ಚೀನಾ, ಸೈಬೀರಿಯಾ, ಅಲಾಸ್ಕಾ ಮೇಲೆ ಹಾಯುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ನಿಲ್ಲದೆ ಬಂದಾಗ ನನಗೆ ಅದೇ ದಾರ ನೆನಪಾಗಿ ಕಣ್ಣು ತುಂಬಿತ್ತು.

ಅಮ್ಮನಿಗೆ ಒಂದು ಕೈಗಡಿಯಾರ ಕಟ್ಟಿ, ದಾರಿಯುದ್ದಕ್ಕೂ ಅದರ ಭಾರತದ ಸಮಯ ಬದಲಿಸಬೇಡಿ ಅನ್ನಿ. ನಾನು ನಮ್ಮವರ ಎಚ್‌ಎಂಟಿ ಕಟ್ಟಿಕೊಂಡಿದ್ದೆ. ಫ್ರಾಂಕ್‌ಫರ್ಟ್ ಮುಟ್ಟಿದಾಗ ಅದರಲ್ಲಿ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು, ಅಲ್ಲಿ ಹೊರಗೆ ಎಳೆ ಬಿಸಿಲು. ರಾತ್ರಿ 8ಕ್ಕೆ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಬಿಸಿಲು. ಇಳಿದಾಗ ವಾಚಿನಲ್ಲಿ ಬುಧವಾರ ಬೆಳಗಿನ ಜಾವ ಮೂರೂವರೆ, ಹೊರಗೆ ಸುಡುಬಿಸಿಲು. ಒಮ್ಮೆ ಬೆಳಗಾದ ಮೇಲೆ ದಾರಿಯುದ್ದಕ್ಕೂ ಮತ್ತೆ ಕತ್ತಲಾಗಲೇ ಇಲ್ಲ! ಹೊರಗಿನ ಬೆಳಕು ನೋಡಿ ಮಾತ್ರೆ ನುಂಗಿದ್ದರೆ ಲೆಕ್ಕ ತಪ್ಪುತ್ತಿತ್ತು. ಯಾವ ಹೊತ್ತಿಗೆ ಯಾವ ಮಾತ್ರೆ ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಔಷಧಿ ಕೈಚೀಲದಲ್ಲೇ ಇರಲಿ. ವೀಲ್‌ಚೇರ್ ಈಗಲೇ ಬುಕ್ ಮಾಡಿ, ಬದಲಿಸುವ ಗೇಟಿಗೆ ಅವರೇ ಕರೆದೊಯ್ಯುತ್ತಾರೆ, ಇಂಗ್ಲಿಷ್ ಬರಲ್ಲ ಅನ್ನೋ ಭಯ ಅರ್ಧ ಹೋಗುತ್ತೆ. ಕರಿಬೇವು ಕಟ್ಟಬೇಡಿ, ಅಮೆರಿಕದಲ್ಲಿ ಬಿಡಲ್ಲ.

ಹಾಸನದವನು:
ಮೇಡಂ, ತುಂಬಾ ಧನ್ಯವಾದ. ಹಾಸನದ ಮನೆ ಬಾಗಿಲಿಂದ ಲೆಕ್ಕ ಹಾಕಿದೆ: ಸೋಮವಾರ ಸಂಜೆ 5ಕ್ಕೆ ಹೊರಟು ತಂಗಿ ಮನೆ ಮುಟ್ಟೋಕೆ ಸುಮಾರು 37 ಗಂಟೆ. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಂದು ಹೊತ್ತಿನ ಬುತ್ತಿ ಸಾಲಲ್ಲ" ಅಂದರು. ಅಪ್ಪನ ವಾಚಿಗೆ ಇವತ್ತು ಹೊಸ ಪಟ್ಟಿ ಹಾಕಿಸಿಕೊಂಡು ಬಂದೆ.