ಗಾಜಿನ ಮೇಲಿನ ಉಂಗುರ, ಮೂಳೆ ಮೇಲಿನ ಉಂಗುರ ಎರಡೂ ಒಂದೇನಾ?

ಸೆಲ್‌ಬಯೋ_ವಿದ್ಯಾರ್ಥಿ: ಆಸ್ಟಿಯೋಕ್ಲಾಸ್ಟ್ ಅನ್ನೋ ಮೂಳೆ ಕರಗಿಸೋ ಜೀವಕೋಶಗಳನ್ನ ಗಾಜಿನ ಮೇಲೆ ಬೆಳೆಸಿ, ಆಕ್ಟಿನ್‌ಗೆ (ಕೋಶದೊಳಗಿನ ಎಳೆ ಥರದ ಪ್ರೋಟೀನ್) ಬಣ್ಣ ಹಾಕಿ ನೋಡಿದ್ರೆ ಅಂಚಲ್ಲಿ ಚುಕ್ಕೆಚುಕ್ಕೆ ಉಂಗುರ ಬರುತ್ತೆ, ಅದೇ ಮೂಳೆ ಚೂರಿನ ಮೇಲೆ ಹಾಕಿದ್ರೆ ದಪ್ಪ ಪಟ್ಟಿ ಥರ ಕಾಣುತ್ತೆ. ಯಾಕೆ?

ಮೂಳೆಮಾತು: ಆ ಚುಕ್ಕೆಗಳೇ ಪೋಡೋಸೋಮ್, ಅಂದ್ರೆ ಕೋಶ ತಳಕ್ಕೆ ಅಂಟಿಕೊಳ್ಳೋ ಪುಟ್ಟ ಜಾಗಗಳು. ಒಂದೊಂದಕ್ಕೂ ಮಧ್ಯ ಆಕ್ಟಿನ್ ತಿರುಳು, ಸುತ್ತ ಇಂಟಿಗ್ರಿನ್ (ತಳವನ್ನ ಹಿಡಿಯೋ ಪ್ರೋಟೀನ್), ಅದನ್ನ ಆಕ್ಟಿನ್‌ಗೆ ಜೋಡಿಸೋ ವಿಂಕ್ಯುಲಿನ್, ಟ್ಯಾಲಿನ್ ಇರುತ್ತೆ, ಕೆಲವೇ ನಿಮಿಷ ಬದುಕಿ ಕರಗಿಹೋಗುತ್ತೆ, ಪಕ್ಕದಲ್ಲೇ ಹೊಸದು ಹುಟ್ಟುತ್ತೆ, ಇದು ನಿಜಕ್ಕೂ ನೋಡೋಕೇ ಚಂದ. ಮೂಳೆ ಮೇಲೆ ಇವೇ ಒತ್ತೊತ್ತಾಗಿ ಸೇರ್ಕೊಂಡು ಸೀಲಿಂಗ್ ಝೋನ್ (ಒಳಗಿನ ಜಾಗನ ಸುತ್ತ ಮುಚ್ಚೋ ಬಿಗಿ ಉಂಗುರ) ಆಗುತ್ತೆ. ಇಟ್ಟಿಗೆ ಒಂದೇ, ಜೋಡಣೆ ಬೇರೆ.

ಲ್ಯಾಬ್‌ಕಿಟಕಿ: ಹಿಡಿತ ಮುಖ್ಯವಾಗಿ ಆಲ್ಫಾ-ವಿ ಬೀಟಾ-3 ಇಂಟಿಗ್ರಿನ್‌ದು, ಅದು ಮೂಳೆಯ ಆಸ್ಟಿಯೋಪಾಂಟಿನ್ ಥರದ ಪ್ರೋಟೀನ್‌ನಲ್ಲಿರೋ ಆರ್‌ಜಿಡಿ ಅನ್ನೋ ಮೂರು ಅಮೈನೋ ಆಮ್ಲಗಳ ಭಾಗಕ್ಕೆ ಅಂಟುತ್ತೆ, ಗಾಜಿನ ಮೇಲಾದ್ರೆ ಬೆಳೆಸೋ ದ್ರವದ ಸೀರಮ್‌ನಿಂದ ಬಂದು ಕೂತ ವಿಟ್ರೋನೆಕ್ಟಿನ್ ಪ್ರೋಟೀನ್‌ಗೆ. ಉಂಗುರದ ಒಳಗೆ ಪಿಎಚ್ ಸುಮಾರು 4.5ಕ್ಕೆ ಇಳಿಯುತ್ತೆ, ಆಸಿಡ್ ಖನಿಜ ಕರಗಿಸುತ್ತೆ, ಕೆಥೆಪ್ಸಿನ್ ಕೆ ಅನ್ನೋ ಕಿಣ್ವ ಮೂಳೆಯ ಕೊಲಾಜನ್ ಪ್ರೋಟೀನ್ ಕತ್ತರಿಸುತ್ತೆ, ಅದಕ್ಕೇ ಸೀಲ್ ಬಿಗಿಯಾಗಿರ್ಬೇಕು.

ಸೆಲ್‌ಬಯೋ_ವಿದ್ಯಾರ್ಥಿ: ಹಾಗಾದ್ರೆ ಗಾಜಿನ ಮೇಲೆ ಉಂಗುರ ಕಂಡ್ರೆ ಮೂಳೆ ತಿನ್ನುತ್ತೆ ಅಂತ ಹೇಳೋಕಾಗಲ್ಲ ಅಲ್ವಾ?

ಮೂಳೆಮಾತು: ಖಂಡಿತ ಆಗಲ್ಲ. ಮೂಳೆ ಚೂರಿನ ಮೇಲೆ ಗುಂಡಿ ಬಿದ್ದಿದ್ಯಾ ನೋಡ್ಲೇಬೇಕು. ಕೋಶ ಇದ್ದ ಮಾತ್ರಕ್ಕೆ ತಿನ್ನಲ್ಲ, ಉದಾಹರಣೆಗೆ ಎಸ್‌ಆರ್‌ಸಿ ಜೀನ್ ಇಲ್ಲದ ಇಲಿಗಳಲ್ಲಿ ಆಸ್ಟಿಯೋಕ್ಲಾಸ್ಟ್‌ಗಳು ಇರ್ತವೆ, ಆದ್ರೆ ರಫಲ್ಡ್ ಬಾರ್ಡರ್ (ಮೂಳೆ ಕಡೆಗೆ ಆಸಿಡ್ ಬಿಡೋ ಮಡಿಕೆಮಡಿಕೆ ಪೊರೆ) ಆಗಲ್ಲ, ಮೂಳೆ ಕರಗದೆ ಗಟ್ಟಿಯಾಗ್ತಾ ಹೋಗುತ್ತೆ.